ರಾಣಿ ಉತ್ತರ ಹೇಳದೆ ಹೋದ ಮೂರು ಒಗಟು

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಮುಕುಳೆಯ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ಜೊತೆಗೆ ರಾಜಕುಮಾರಿ. ತಪ್ಪು ಹೇಳಿದವನನ್ನ ಹುಣ್ಣಿಮೆಯ ಉಬ್ಬರಕ್ಕೆ ಬಂಡೆ ಮೇಲಿಂದ ಕಡಲಿಗೆ ತಳ್ಳಲಾಗುತ್ತೆ!"

ಹೀಗಂತ ಸಾರುತ್ತಾ ಹಿಂದೆ ಹಿಂದೆ ನಡೆದ ಡಂಗುರದವನು ತಾನೇ ಕಡಲಿಗೆ ಬಿದ್ದ. ಬೇಸಿಗೆಯಲ್ಲೂ ಕೈ ಮರಗಟ್ಟಿಸೋ ತಣ್ಣನೆ ಕಡಲು ಅದು. ಎಳೆದು ಹಾಕಿ ಕಂಬಳಿ ಹೊದಿಸಿದರು. ಶಿಕ್ಷೆ ಹೇಗಿರುತ್ತೆ ಅಂತ ಊರಿಗೆಲ್ಲ ಅರ್ಥವಾಯ್ತು.

ಒಂದು ದಿನ ದೋಣಿ ಹತ್ತಿ ಕಡಲಿಗೆ ಹೋದ ರಾಣಿ, ಮುಕುಳೆಯ ಅಮ್ಮ, ತಿರುಗಿ ಬಂದಿರಲಿಲ್ಲ; ದೋಣಿಯೂ ಸಿಕ್ಕಿರಲಿಲ್ಲ. ಅವತ್ತಿಂದ ಮುಕುಳೆ ನಕ್ಕಿಲ್ಲ, ಅತ್ತಿಲ್ಲ, ಕಡಲ ಕಡೆಯ ಕಿಟಕಿ ಬಿಟ್ಟು ಕದಲಿಲ್ಲ. ಬಾಯಿ ಬಿಟ್ಟರೆ ಅದೇ ಮೂರು ಒಗಟು. ಒಗಟು ಬಿಡಿಸಿದರೆ ಮಗಳು ಸರಿಹೋಗ್ತಾಳೆ ಅಂತ ರಾಜ ತುಂಗವರ್ಮನ ಆಸೆ. ಶಿಕ್ಷೆ ಇಲ್ಲದಿದ್ದರೆ ಸಾಲು ಸಂತೆಪೇಟೆ ದಾಟುತ್ತೆ ಅಂತ ಮಂತ್ರಿಯ ಸಲಹೆ.

ಬೆಟ್ಟದ ಸೀಮೆಯ ರಾಜಕುಮಾರ ಮೊದಲು ಬಂದ.

"ಬಾಗಿಲಿಲ್ಲದ ಕಪ್ಪು ಮನೆ, ಮೂಲೆಗೊಂದು ಕೊಂಬು. ಕಟ್ಟಿದ ತಾಯಿ ತಿರುಗಿ ನೋಡಲ್ಲ. ಏನದು?" ಮುಕುಳೆ ಕೇಳಿದಳು.

"ಕೋಟೆ!"

"ತಿನ್ನೋದು ಅದಕ್ಕೆ ಕಾಣಲ್ಲ, ಕಾಣೋದನ್ನ ತಿನ್ನಕ್ಕಾಗಲ್ಲ. ಯಾರು?"

"ಕುರುಡ!"

"ಹೊಟ್ಟೆ ಮೇಲೆ ಅಳುಮುಖ, ಆದರೆ ಕಣ್ಣೀರಿಲ್ಲ. ಯಾರದು?"

"ನಮ್ಮ ಅತ್ತೇದು," ಅಂದ. ಸೆರೆಮನೆಗೆ ಹೋದ.

ಆಮೇಲೆ ಬಂದವನು ಗೋರಿ, ಕೂಸು, ಚಂದ್ರ ಅಂದ. ಅವನೂ ಹೋದ. ಮೂರನೆಯವನು ಮೀನುಗಾರ ದುರ್ಗಯ್ಯ. ಅರಮನೆಗೆ ಮೀನು ಕೊಡಕ್ಕೆ ಬಂದವನು, ಊಟದ ಸಾಲು ಅಂತ ಇಲ್ಲಿ ನಿಂತಿದ್ದ. ಒಗಟು ಕೇಳಿದಾಗ, "ಮಜ್ಜಿಗೆ ಇದ್ದರೆ ಸಾಕು," ಅಂದ. ಅದನ್ನೂ ತಪ್ಪು ಉತ್ತರ ಅಂತಲೇ ಹಿಡಿದರು.

ಹುಣ್ಣಿಮೆ ದಿನ ದುರ್ಗಯ್ಯನ ತಮ್ಮ ಮಂಕಾಳ ಬಂದ.

"ಏನೋ, ನಿನಗೂ ಅರ್ಧ ರಾಜ್ಯ ಬೇಕೇನೋ?" ರಾಜ ಕೇಳಿದ.

"ಅಣ್ಣ ಪೂರ್ತಿ ಬೇಕು ಬುದ್ಧಿ."

ಮುಕುಳೆ ಮೂರೂ ಒಗಟು ಹೇಳಿದಳು. ಮಂಕಾಳನಿಗೆ ಒಂದೂ ಹೊಳೆಯಲಿಲ್ಲ. ಕೊನೆಗೆ ಕೇಳಿದ, "ಅಮ್ಮಣ್ಣಿ, ಇವನ್ನ ನಿಮಗೆ ಹೇಳಿದ್ದು ಯಾರು?"

ಇಷ್ಟು ದಿನ ಯಾರೂ ಅದನ್ನ ಕೇಳಿರಲಿಲ್ಲ.

"ಅಮ್ಮ. ದೋಣಿ ಹತ್ತೋ ಮುಂಚೆ, ಮರಳಲ್ಲಿ. ಮೂರೂ ಒಂದೇ ಜೀವದ ಬಗ್ಗೆ, ಉತ್ತರ ಬಂದು ಹೇಳ್ತೀನಿ ಅಂದಳು."

"ಆಗ ಅವರ ಕೈಯಲ್ಲಿ ಏನಾದರೂ ಇತ್ತಾ?"

"ಏನೋ ಕಪ್ಪು ಚೀಲ. ನಾಲ್ಕು ಕೊಂಬಿತ್ತು. ನೀರಿಗೆಸೆದಳು."

ಮಂಕಾಳ ಉಸಿರುಬಿಟ್ಟ. "ಅದು ತೊರಕೆ ಜಾತಿಯ ಒಂದು ಮೀನಿನ ಮೊಟ್ಟೆಚೀಲ, ಅಮ್ಮಣ್ಣಿ. ಆ ಮೀನು ಗಾಳಿಪಟದಂಗೆ ಚಪ್ಪಟೆ. ನಮ್ಮ ಕೇರಿಯಲ್ಲಿ ಅದಕ್ಕೆ ಸರಿಯಾದ ಹೆಸರೂ ಇಲ್ಲ, ಬಲೆಗೆ ಬಂದರೆ ವಾಪಸ್ ಬಿಡ್ತೀವಿ. ಚೀಲ ಇಟ್ಟ ತಾಯಿ ಮತ್ತೆ ಆ ಕಡೆ ಬರಲ್ಲ. ಕಣ್ಣು ಬೆನ್ನ ಮೇಲೆ, ಬಾಯಿ ಹೊಟ್ಟೆ ಕೆಳಗೆ, ತಿನ್ನೋದನ್ನ ನೋಡೋದೇ ಇಲ್ಲ. ಮಗುಚಿ ಹಾಕಿದರೆ ಯಾರೋ ಅಳ್ತಿರೋ ಹಂಗೆ ಮುಖ. ಆದರೆ ಕಣ್ಣು ಅಂತ ನಾವು ಅಂದುಕೊಳ್ಳೋದು ಮೂಗಿನ ತೂತು. ಕಣ್ಣೀರು ಎಲ್ಲಿಂದ ಬರಬೇಕು?"

ಮುಕುಳೆ ಕಿಟಕಿ ಬಿಟ್ಟು ಮಂಕಾಳನ ಕಡೆ ತಿರುಗಿದಳು. "ತಾಯಿ ಬರದಿದ್ದರೆ ಮರಿ ಏನು ತಿನ್ನುತ್ತೆ?"

"ಅವಳು ಚೀಲದೊಳಗೆ ಇಟ್ಟು ಹೋದ ಮೊಟ್ಟೆಯ ಹಳದಿ ಇರುತ್ತಲ್ಲ, ಅದನ್ನೇ ತಿಂಗಳುಗಟ್ಟಲೆ ಚೂರುಚೂರೇ ತಿನ್ನುತ್ತೆ. ಮುಗಿದ ಮೇಲೆ ಹೊರಗೆ ಬರುತ್ತೆ."

"ಉತ್ತರ ಹೇಳಕ್ಕಾದರೂ ಬರ್ತಾಳೆ ಅಂದುಕೊಂಡಿದ್ದೆ," ಅಂದಳು ಮುಕುಳೆ. "ಇನ್ನು ಅವಳು ಬರಬೇಕಾಗಿಲ್ಲ." ಅವತ್ತು ಮೊದಲ ಸಲ ಅತ್ತಳು.

ರಾಜನಿಗೆ ಖುಷಿಯೋ ದುಃಖವೋ ತಿಳಿಯಲಿಲ್ಲ. ಸೆರೆಯವರನ್ನೆಲ್ಲ ಬಿಡಿಸಿದ. "ಮಂಕಾಳ, ರಾಜ್ಯದ ನಕ್ಷೆ ತರಿಸ್ತೀನಿ, ಅರ್ಧ ಆರಿಸಿಕೋ. ಪುರೋಹಿತರಿಗೂ ಹೇಳಿಕಳಿಸ್ತೀನಿ, ಮದುವೆಗೆ..."

"ಮದುವೆ ಮಾತು ಬೇಡ ಬುದ್ಧಿ," ಅಂದ ಮಂಕಾಳ ಮೆಲ್ಲಗೆ. "ಅಮ್ಮಣ್ಣಿ ಅಮ್ಮನನ್ನ ಕಳಕೊಂಡಿದ್ದು ಇವತ್ತೇ. ಈ ಮನೆಯಲ್ಲಿ ಸಾವಾಗಿದೆ."

ರಾಜ ಸಿಂಹಾಸನದಿಂದಿಳಿದು ಮಗಳ ಪಕ್ಕ ನೆಲದ ಮೇಲೆ ಕೂತ.

ಸಾವಿನ ಮನೆಯಲ್ಲಿ ಒಲೆ ಹಚ್ಚಲ್ಲ. ಅದಕ್ಕೇ ಅಣ್ಣ ತಮ್ಮ ಇಬ್ಬರೂ ಕೇರಿಗೆ ಹೋಗಿ, ಗಂಜಿ ಕಾಸಿ, ಬಟ್ಟೆ ಸುತ್ತಿದ ಮಡಕೆಯಲ್ಲಿ ಅರಮನೆಗೆ ತಂದುಕೊಟ್ಟರು.