ಹೊಸ್ತಿಲಲ್ಲಿ ಬಿಚ್ಚಿದ ಕತ್ತಿ

"ಗುರುಗಳೇ, ಶತ್ರು ಸೋತನೆಂದು ತಿಳಿಯುವುದು ಹೇಗೆ?" ಎಂದು ಚೆನ್ನಮಲ್ಲ ಕೇಳಿದ. ಸಹಪಾಠಿಯೊಬ್ಬನನ್ನು ವಾದದಲ್ಲಿ ಮಣಿಸಿ ಬಂದ ಬಿಸಿ ಅವನಲ್ಲಿ ಇನ್ನೂ ಆರಿರಲಿಲ್ಲ.

ಗುರುಗಳು ಮೀಸೆಯಲ್ಲೇ ನಕ್ಕು ಹೇಳತೊಡಗಿದರು.

ಒಂದು ದೇಶದಲ್ಲಿ ರಾಜನಿದ್ದ. ಪ್ರಜೆಗಳು ಆರಿಸಿ ಕಳಿಸಿದವರ ಸಭೆಯೂ ಇತ್ತು. ಯಾರ ಮಾತು ನಡೆಯಬೇಕೆಂದು ಇಬ್ಬರಿಗೂ ಹಟ. ಒಂದು ದಿನ ರಾಜ, "ಎರಡು ಮಾತು ಆಡಿ ಹೋಗುತ್ತೇನೆ" ಎನ್ನುತ್ತ ಕತ್ತಿ ಕಟ್ಟಿಕೊಂಡು, ಸಿಪಾಯಿಗಳ ಸಮೇತ ಸಭೆಯೊಳಕ್ಕೆ ನುಗ್ಗಿದ. ಬಾಗಿಲು ಕಾಯುವ ಮುದುಕ ಅಡ್ಡ ನಿಂತು ಕೈ ಮುರಿಸಿಕೊಂಡ. ಅಂದೇ ದೇಶ ಎರಡು ಹೋಳಾಗಿ ಯುದ್ಧ ಹತ್ತಿಕೊಂಡಿತು.

ಕುದುರೆಗೆ ಜೀನು ಹೊಲಿಯುತ್ತಿದ್ದವನೊಬ್ಬ ಸಭೆಯ ದಂಡಿಗೆ ಸೇರಿದ. ಅವನಿಗೆ ಕತ್ತಿ ಹಿಡಿಯಲು ಬರುತ್ತಿರಲಿಲ್ಲ, ಕುದುರೆಯ ಬೆನ್ನು ಮಾತ್ರ ಚೆನ್ನಾಗಿ ಗೊತ್ತಿತ್ತು. ಪ್ರತಿ ಬೆಳಿಗ್ಗೆ ತನ್ನವರ ಜೀನುಗಳನ್ನೆಲ್ಲ ತಾನೇ ಎಳೆದು ನೋಡುತ್ತಿದ್ದ. ಹಾಗಾಗಿ ಅವನ ಸವಾರರು ಬೀಳುತ್ತಿರಲಿಲ್ಲ. ಮೊದಲ ವರ್ಷ ಹತ್ತು ಸವಾರರಿಗೆ ಮುಂದಾಳಾದ, ಮೂರನೆಯ ವರ್ಷ ನೂರಕ್ಕೆ, ಆರನೆಯ ವರ್ಷ ಇಡೀ ದಂಡಿಗೇ ದಳವಾಯಿ. ನಡುವೆ ಒಂದು ಕಿವಿ ಹೋಯಿತು. ಯಾವ ಕಿವಿ ಎಂದು ಒಬ್ಬೊಬ್ಬ ಶಿಷ್ಯನಿಗೆ ಒಂದೊಂದು ಹೇಳಿದ್ದೇನೆ. ನೀನು ಎಡಗಿವಿ ಎಂದಿಟ್ಟುಕೋ. ಕೊನೆಗೆ ರಾಜನನ್ನೇ ಸೆರೆ ಹಿಡಿದ.

ಊರೂರಲ್ಲೂ ದಳವಾಯಿಯ ಹೆಸರೇ ಹೆಸರು. ಸಭೆಯವರಿಗೆ ಅದು ಹಿಡಿಸಲಿಲ್ಲ. ಅವನನ್ನು ಕೆಲಸದಿಂದ ಬಿಡಿಸುವ ಮಾತೆತ್ತಿದರು. ದಳವಾಯಿಗೆ ಮೈಯೆಲ್ಲ ಉರಿದುಹೋಯಿತು. ಆರು ವರ್ಷ ಜೀನಿನ ಮೇಲೆ ತೂಕಡಿಸಿದವನು ತಾನು, ಕಂಬಳಿ ಹೊದ್ದು ಮಲಗಿದವರು ಅವರು! ಇನ್ನೂರು ಸವಾರರನ್ನು ಕಟ್ಟಿಕೊಂಡು ಸಭೆಯ ಬಾಗಿಲಿಗೇ ಬಂದ.

ಅಲ್ಲಿ ಅದೇ ಮುದುಕ ನಿಂತಿದ್ದ.

"ಕತ್ತಿ ಹೊರಗಿಟ್ಟು ಬನ್ನಿ, ದಳವಾಯಿಗಳೇ."

"ದಾರಿ ಬಿಡು, ಅಜ್ಜ. ಎರಡು ಮಾತು ಆಡಿ ಹೋಗುತ್ತೇನೆ, ಅಷ್ಟೇ."

"ಹಿಂದೆ ಬಂದವರೂ ಹೀಗೇ ಅಂದಿದ್ದರು, ಸ್ವಾಮಿ." ಮುದುಕ ಸೊಟ್ಟಗೆ ಕೂಡಿಕೊಂಡಿದ್ದ ಕೈಯನ್ನು ಬಾಗಿಲಿಗೆ ಅಡ್ಡ ಹಿಡಿದ. "ಇನ್ನೊಂದು ಇನ್ನೂ ನೆಟ್ಟಗಿದೆ. ಬೇಕಾದರೆ ಅದನ್ನೂ ಮುರಿಯಿರಿ."

ದಳವಾಯಿ ಆ ಸೊಟ್ಟ ಕೈಯನ್ನೇ ನೋಡುತ್ತ ನಿಂತ. ಬೆನ್ನ ಹಿಂದೆ ಇನ್ನೂರು ಕುದುರೆಗಳು ನೆಲ ಕೆರೆಯುತ್ತಿದ್ದವು. ಅವನು ಒಂದು ಸನ್ನೆ ಮಾಡಿದ್ದರೆ ಸಾಕಿತ್ತು.

ಅವನು ಸೊಂಟದ ಪಟ್ಟಿ ಬಿಚ್ಚಿ ಕತ್ತಿಯನ್ನು ಮುದುಕನಿಗೆ ಒಪ್ಪಿಸಿದ. ಸವಾರರನ್ನು ಹಿಂದಕ್ಕೆ ಕಳಿಸಿದ. ಒಬ್ಬನೇ ಒಳಗೆ ಹೋಗಿ ತನ್ನ ಎರಡು ಮಾತು ಆಡಿದ. ಸಭೆಯವರು ಕೇಳಿಸಿಕೊಂಡರು, ಆಮೇಲೆ ಕೈ ಎತ್ತಿ ಮತ ಹಾಕಿ ಅವನನ್ನು ಕೆಲಸದಿಂದ ತೆಗೆದರು. ಮರುದಿನ ಅವನು ಊರಿಗೆ ಹೋಗಿ ಅಂಗಡಿಯ ಕದ ತೆರೆದ, ಜೀನು ಹೊಲಿಯಲು ಕುಳಿತ.

"ಅಯ್ಯೋ, ಅಷ್ಟು ದೊಡ್ಡ ರಾಜನನ್ನು ಸೋಲಿಸಿದವನು ಕೊನೆಗೆ ಒಬ್ಬ ಬಾಗಿಲು ಕಾಯುವವನಿಗೆ ಸೋತನಲ್ಲ, ಗುರುಗಳೇ!" ಎಂದ ಚೆನ್ನಮಲ್ಲ.

"ರಾಜ ನಿಜವಾಗಿ ಸೋತದ್ದೇ ಆ ಬಾಗಿಲಲ್ಲಿ, ದಳವಾಯಿ ಕತ್ತಿ ಬಿಚ್ಚಿದಾಗ ಕಣಪ್ಪ," ಎಂದರು ಗುರುಗಳು.