ಡ್ರಮ್ಮಿನೊಳಗಿನ ಅಬ್ಬರ

ಯಜಮಾನಿ ರುಕ್ಮಾ ದೋಣಿಗೆ ಕಟ್ಟುವ ಹಳೆಯ ಮೋಟಾರೊಂದನ್ನು ಕೊಳ್ಳಲು ಹೊರಟಾಗ ಅವಳ ಪುಟ್ಟ ದೋಣಿಯೂ ಹೊಳೆದಂಡೆಯ ಅಂಗಡಿಯ ಕಟ್ಟೆಯವರೆಗೆ ಬಂದಿತ್ತು. ಓಡಿಸಿ ತೋರಿಸಲೆಂದು ನೀರು ತುಂಬಿಟ್ಟ ಡ್ರಮ್ಮಿನಲ್ಲಿ ನಿಂತಿದ್ದ ಮೋಟಾರು, ಹೊಸ ಬಣ್ಣ ಬಳಿದುಕೊಂಡು, ದೋಣಿಯನ್ನು ಕಂಡೊಡನೆ ಗರ್ಜಿಸಿತು.

"ಕೇಳಿತೇ ನನ್ನ ಸದ್ದು? ತಡಮಾಡದೆ ನನ್ನನ್ನು ಹೊತ್ತುಕೊ."

"ಕೇಳಿತು. ಮೊದಲು ಅಳಿವೆಯವರೆಗೆ ಹೋಗಿ ಬರೋಣ, ಬಾ. ಅಲ್ಲಿ ಹೊಳೆಯೂ ಕಡಲೂ ಗುದ್ದಾಡುತ್ತವೆ. ನಡುವೆ ನೀನು ಕೆಟ್ಟು ನಿಂತರೆ ರುಕ್ಮಾಳ ಜೀವಕ್ಕೆ ಯಾರು ದಿಕ್ಕು?"

"ಇಲ್ಲಿ ಓಡಿದ್ದು ಸಾಲದೇ? ಕೊಂಡ ಮೇಲೆ ಎಲ್ಲಿಗೆ ಬೇಕಾದರೂ ಬರುತ್ತೇನೆ, ಅದಕ್ಕೆ ಮೊದಲು ಬರುವುದಿಲ್ಲ. ಮೈತುಂಬ ತೇಪೆ ಇಟ್ಟುಕೊಂಡವಳಿಗೆ ಇಷ್ಟು ಸೊಕ್ಕೇ?"

"ನನ್ನ ತೇಪೆ ನೋಡಿದವರಿಗೆಲ್ಲ ಕಾಣುತ್ತದೆ. ನಿನ್ನದು ಬಣ್ಣದ ಅಡಿಯಲ್ಲಿದೆ. ಕಡಲಿಗೆ ಬರುವ ಧೈರ್ಯವಿಲ್ಲದಿದ್ದರೆ ಈ ಡ್ರಮ್ಮಿನ ಜೊತೆಗೇ ಸಂಸಾರ ಮಾಡಿಕೊಂಡಿರು!"

ಮೋಟಾರು ಕದಲಲಿಲ್ಲ. ರುಕ್ಮಾ ನಕ್ಕು ಹುಟ್ಟನ್ನು ಕೈಗೆತ್ತಿಕೊಂಡಳು. ದೋಣಿ ಮೂತಿ ಮೇಲೆತ್ತಿ ಅಳಿವೆಯ ಕಡೆ ಹೊರಟಿತು. ಹಿಂದೆ ಮೋಟಾರು ಮಾನ ಹೋದವರಂತೆ ಅಬ್ಬರಿಸುತ್ತಲೇ ಇತ್ತು. ಆ ಅಬ್ಬರಕ್ಕೆ ಡ್ರಮ್ಮಿನ ನೀರೆಲ್ಲ ಹೊರಗೆ ಚೆಲ್ಲಿತು. ಮೋಟಾರು ಮಾತ್ರ ಒಂದು ಗೇಣೂ ಮುಂದೆ ಹೋಗಲಿಲ್ಲ.