ಹಾಲಮ್ಮನ ಕೈಗುಣ

ಹೊಳೆದಂಡೆಯ ಆಶ್ರಮದಲ್ಲಿ ಎಂಟು ಕುಡಿಕೆಗಳಿಗೆ ಜೋಳ ಬಿತ್ತಿದರು. ಏಳು ಮೊಳೆತವು, ಒಂದು ಮೊಳೆಯಲಿಲ್ಲ. ಆ ಒಂದು ಹಾಲಮ್ಮನದು. ಊರಿಗೆ ಇಷ್ಟು ಸಾಕಲ್ಲ!

ಮುಂಗಾರಿಗೆ ಮೊದಲು ಎಂಟು ಹೆಂಗಸರು ಒಂದೊಂದು ಮಣ್ಣಿನ ಕುಡಿಕೆಯಲ್ಲಿ ಬಿತ್ತಿ ಬೀಜ ನೋಡುವುದು ಅಲ್ಲಿನ ರೂಢಿ. ಆ ವರ್ಷ ಒಬ್ಬಳು ಕಡಿಮೆ ಬಿದ್ದಳು ಅಂತ ಆಶ್ರಮದ ಅಡುಗೆಯ ಹಾಲಮ್ಮನನ್ನು ಕೂರಿಸಿದ್ದರು.

ಹಾಲಮ್ಮ ಗಂಡ ಸತ್ತವಳು. ಮದುವೆಯಾದ ಮೂರೇ ತಿಂಗಳಿಗೆ ಅವನನ್ನು ನುಂಗಿ ನೀರು ಕುಡಿದಳು ಅಂತ ಊರ ಮಾತು. ಸಾಲದ್ದಕ್ಕೆ ಹರಿಗೋಲಿನವನ ಜೊತೆ ನಿಂತು ನಕ್ಕಿದ್ದಳಂತೆ, ಅದೂ ಹಲ್ಲು ಕಾಣುವ ಹಾಗೆ!

ಇದನ್ನೆಲ್ಲ ಹೊತ್ತುಕೊಂಡು ಗುರು ಅಡವಯ್ಯನವರ ಹತ್ತಿರ ಓಡಿದವನು ಶಿಷ್ಯ ಮರುಳಪ್ಪ. ಕುಡಿಕೆಗಳಿಗೆ ನೀರು ಹಾಕುವ ಕೆಲಸ ಅವನದು. ಮೊಳೆಯದ್ದನ್ನು ಮೊದಲು ಕಂಡವನೂ ತಾನೇ ಅಂತ ಒಂದು ಹೆಮ್ಮೆ ಬೇರೆ.

“ಅಜ್ಜಾರೇ, ಅವಳ ಕೈಗುಣ ಸರಿಯಿಲ್ಲ. ಇವತ್ತೇ ಕಳಿಸಿಬಿಡಿ.”

ಅಡುಗೆಮನೆಯಿಂದ ಹಾಲಮ್ಮ ಸೌಟು ಹಿಡಿದೇ ಹೊರಗೆ ಬಂದಳು.

“ನನ್ನ ಕೈ ಅಷ್ಟು ಕೆಟ್ಟದ್ದಾದರೆ, ಹೊತ್ತಿಗೆ ನಾಲ್ಕು ಮುದ್ದೆ ಇಳಿಸ್ತೀಯಲ್ಲ, ನಿನಗ್ಯಾಕೋ ಏನೂ ಆಗಿಲ್ಲ?”

ಬಾಯಿ ಜೋರೇ. ಆದರೆ ಹೋಗುವುದೆಲ್ಲಿಗೆ? ತವರಿನವರು ಬಾಗಿಲು ಮುಚ್ಚಿ ನಾಲ್ಕು ವರ್ಷ. ಇಲ್ಲಿಂದ ಹೊರಬಿದ್ದರೆ ಅವಳಿಗೆ ಹೊಳೆಯೇ ಗತಿ.

ಗುರುಗಳು ಇಬ್ಬರನ್ನೂ ನೋಡಿದರು.

“ಕೈಗುಣವೋ ಏನೋ, ನನಗೆ ಗೊತ್ತಿಲ್ಲ. ಕೇಳೋಣ.”

“ಯಾರನ್ನ ಅಜ್ಜಾರೇ?”

“ಜೋಳವನ್ನ.”

ಹನ್ನೆರಡು ಕುಡಿಕೆ ಬಂದವು. ಒಂದೇ ಗುಡ್ಡೆಯ ಮಣ್ಣು, ಒಂದೇ ಚೀಲದ ಜೋಳ, ಕುಡಿಕೆಗೆ ಇಪ್ಪತ್ತು ಕಾಳು. ಆರಕ್ಕೆ ಹಾಲಮ್ಮ ಬಿತ್ತಬೇಕು. ಇನ್ನಾರಕ್ಕೆ ಗೌಡರ ಹೆಂಡತಿ ಬಸಮ್ಮ. ಏಳು ಮಕ್ಕಳ ತಾಯಿ, ಅವಳು ಮುಟ್ಟಿದ್ದೆಲ್ಲ ಚಿಗುರುತ್ತದೆ ಅಂತ ಊರೇ ಹೇಳುತ್ತಿತ್ತು. ಅವಳೂ ಇಲ್ಲ ಅಂದವಳಲ್ಲ.

“ಹಾಲಮ್ಮನ ಕುಡಿಕೆಗಳ ಅಡಿಗೆ ಕಾವಿಯ ಬೊಟ್ಟಿಡು ತಾಯಿ. ಆಮೇಲೆ ಎಲ್ಲ ಬೆರೆಸಿ ಸಾಲಾಗಿ ಇಡು,” ಅಂದರು ಗುರುಗಳು ಬಸಮ್ಮನಿಗೆ. “ಮರುಳಪ್ಪ, ನೀನು ಆ ಕಡೆ ತಿರುಗು.”

ಮರುಳಪ್ಪ ತಿರುಗಿದ. ನೋಡಿದರೆ ಗುರುಗಳೂ ಹೊಳೆಯ ಕಡೆ ಮುಖ ಮಾಡಿ ನಿಂತಿದ್ದಾರೆ!

“ನಿಮಗೂ ಗೊತ್ತಾಗಬಾರದಾ?”

“ನನ್ನ ಮುಖ ನೋಡಿ ಮನಸ್ಸು ಓದೋದು ನಿನಗೆ ಚೆನ್ನಾಗಿ ಬರುತ್ತಪ್ಪ.”

“ಈ ಸಲ ನೀರು ಅಳೆದು ಹಾಕಲಾ ಅಜ್ಜಾರೇ?”

“ಬೇಡ. ಹೋದ ಸಲ ಹೇಗೆ ಹಾಕಿದೆಯೋ ಹಾಗೇ ಹಾಕು. ಒಟ್ಟಿಗೆ ಎರಡು ಬದಲಾಯಿಸಿದರೆ ಯಾವುದನ್ನು ನಂಬೋದು?”

ಮಾರನೆಯ ದಿನ ಗಿಂಡಿ ಹಿಡಿದು ಹೋದ ಮರುಳಪ್ಪನಿಗೆ ಕೈ ಕಟ್ಟಿಹಾಕಿದ ಹಾಗಾಯಿತು. ಯಾವುದು ಅವಳದು? ಯಾವುದು ಗೌಡತಿಯದು? ಎಲ್ಲವೂ ಒಂದೇ ಥರ ಬಾಯಿ ತೆರೆದು ಕೂತಿವೆ. ಗೊತ್ತಿಲ್ಲದವನು ಏನು ಮಾಡಿಯಾನು, ಹನ್ನೆರಡರ ಮುಂದೆಯೂ ಬಗ್ಗಿ ನೀರು ಹಾಕಿದ.

ಐದನೆಯ ಬೆಳಗ್ಗೆ ಗಿಂಡಿ ಹಾಗೇ ಕೆಳಗಿಟ್ಟುಬಿಟ್ಟ.

ಹನ್ನೆರಡೂ ಮೊಳೆತಿದ್ದವು. ಸೂಜಿಯಷ್ಟು ಸಣ್ಣ ಹಸಿರು, ತಲೆಯ ಮೇಲಿನ ಹೆಂಟೆಯನ್ನೇ ಎತ್ತಿ ಪಕ್ಕಕ್ಕೆ ಸರಿಸಿ ನಿಂತಿತ್ತು. ಒಂದೊಂದರ ತುದಿಗೂ ಒಂದೊಂದು ಹನಿ, ಹನಿಯೊಳಗೆ ಪುಟ್ಟದಾಗಿ ಇಡೀ ಹೊಳೆ. ಮರುಳಪ್ಪ ಮಂಡಿಯೂರಿ ಕೂತ. ಹುಟ್ಟಿದಾಗಿನಿಂದ ಜೋಳ ತಿಂದವನು, ಜೋಳ ಏಳುವುದನ್ನು ಒಂದು ದಿನವೂ ಹೀಗೆ ಹತ್ತಿರದಿಂದ ಕಂಡಿರಲಿಲ್ಲ. ಉಸಿರು ಬಿಟ್ಟರೆ ಎಲ್ಲಿ ಬಾಗುತ್ತವೋ ಅಂತ ಉಸಿರು ಹಿಡಿದ.

ಗುರುಗಳು ಹಿಂದೆ ಬಂದು ನಿಂತರು. ಬಸಮ್ಮನೂ ಇದ್ದಳು, ಹಾಲಮ್ಮನೂ.

“ಅವಳದು ಯಾವುದು, ಹೇಳು.”

ಮರುಳಪ್ಪ ತುಸು ಗಿಡ್ಡಗೆ ಕಂಡದ್ದೊಂದನ್ನು ತೋರಿಸಿದ. ಎತ್ತಿ ನೋಡಿದರೆ ಅಡಿಯಲ್ಲಿ ಬೊಟ್ಟಿಲ್ಲ. ಗೌಡತಿ ಮುಖ ಊದಿಸಿಕೊಂಡಳು. ಮರುಳಪ್ಪ ಎಲ್ಲಕ್ಕಿಂತ ದಟ್ಟವಾಗಿದ್ದದ್ದನ್ನು ಎತ್ತಿದ. ಕೆಂಪು ಬೊಟ್ಟು!

ಹಾಲಮ್ಮ ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು. ಹಲ್ಲು ಕಂಡವೋ ಇಲ್ಲವೋ, ಯಾರಿಗೂ ನೋಡುವ ಧೈರ್ಯ ಬರಲಿಲ್ಲ.

ಮರುಳಪ್ಪ ತನ್ನ ಕೈಯನ್ನೇ ನೋಡಿಕೊಂಡ. ಹೋದ ಸಲ ಅವಳ ಕುಡಿಕೆ ಬಂದರೆ ಸಾಕು, ಎರಡು ಹೆಜ್ಜೆ ಹಿಂದೆಯೇ ನಿಂತು ನೀರು ಎರಚುತ್ತಿದ್ದ. ಮಣ್ಣಿಗೆ ಬಿತ್ತೋ ನೆಲಕ್ಕೆ ಬಿತ್ತೋ, ಒಮ್ಮೆಯೂ ನೋಡಿರಲಿಲ್ಲ. ನೋಡಿರಲಿಲ್ಲ ಅನ್ನುವುದೂ ಅವನಿಗೆ ಹೊಳೆದದ್ದು ಈಗಲೇ.

ಗುರುಗಳ ಕಾಲಿಗೆ ಬಿದ್ದ.

“ಆ ಕುಡಿಕೆಯನ್ನು ಒಣಗಿಸಿದವನು ನಾನೇ ಅಜ್ಜಾರೇ. ಈಗ ಎಲ್ಲ ಗೊತ್ತಾಯಿತು. ನನ್ನನ್ನೇ ಓಡಿಸಿ.”

ಗುರುಗಳು ಅವನನ್ನು ಎಬ್ಬಿಸಿದರು.

“ಇಷ್ಟು ಬೇಗ ಗೊತ್ತಾಯಿತೇನೋ? ನಿನ್ನನ್ನು ಓಡಿಸೋಕೂ ಇದು ಸಾಲದು, ಮಗು. ಇನ್ನೊಂದು ಸಾಲು ಬಿತ್ತಿ ನೋಡು.”